ತಂತಿ ಇಳಿಸಿದ ದಿನ

ನಿನ್ನೆ ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಸಿದೆ. ನಮ್ಮನೆಯವರಿಗೆ ಖಾಲಿ ಹೊಟ್ಟೆಯ ಗುಳಿಗೆ ಕೊಟ್ಟೆ, ಅತ್ತೆಯ ಕಿವಿಗೆ ಹನಿ ಬಿಟ್ಟೆ. ನಲ್ಲಿ ಬಂತು, ಡ್ರಮ್ಮು, ಕೊಡ, ಕೊನೆಗೆ ಚೊಂಬನ್ನೂ ತುಂಬಿಸಿಕೊಂಡೆ. ಅವಲಕ್ಕಿಗೆ ಒಗ್ಗರಣೆ ಹಾಕಿದೆ. ಎರಡು ರವಿಕೆ ಕತ್ತರಿಸಿದೆ, ಒಂದಕ್ಕೆ ಹುಕ್ಕು ಹಚ್ಚಿದೆ, ಎದುರು ಮನೆಯವರ ಸೀರೆಗೆ ಫಾಲ್ ಹೊಲಿದೆ. ನಮ್ಮನೆಯವರ ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ಕಸರತ್ತು ಮಾಡಿಸಿದೆ. ಹೀರೇಕಾಯಿ ಹೆರೆದಿಟ್ಟೆ. ಆಮೇಲೆ ಅಡುಗೆ ಕಟ್ಟೆಯ ಗ್ರಾನೈಟ್ ಒರೆಸಿ, ಬಡಗಿಗಳು ಮರ ಉಜ್ಜುವ ಉಪ್ಪುಕಾಗದವನ್ನು ಅದರ ಮೇಲೆ ಹಾಸಿ, ಗಿಟಾರಿನಿಂದ ಬಿಚ್ಚಿದ ಒಂದು ಬಿಳಿ ಪಟ್ಟಿಯನ್ನು ಉಜ್ಜಿದೆ.

ಇಷ್ಟೆಲ್ಲದರಲ್ಲಿ ನಾನು ಹೆದರಿದ್ದು ಆ ಕೊನೆಯ ಕೆಲಸಕ್ಕೆ ಮಾತ್ರ. ಯಾರದೋ ಮದುವೆಯ ರೇಷ್ಮೆಗೆ ಕಣ್ಣು ಮಿಟುಕಿಸದೆ ಕತ್ತರಿ ಹಾಕುವ ನಾನು, ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿಯನ್ನು ಹಿಡಿದುಕೊಂಡು ಬೆವರುತ್ತಿದ್ದೆ. ಆ ಪಟ್ಟಿಯ ಮೇಲೇ ಗಿಟಾರಿನ ತಂತಿಗಳು ಹಾದು ಹೋಗುವುದು. ಅದನ್ನು ಒಂದು ಕೂದಲೆಳೆ ಉಜ್ಜಿದರೆ ತಂತಿ ಚೂರು ಕೆಳಗಿಳಿಯುತ್ತದೆ, ಬೆರಳಿಗೆ ಒತ್ತುವುದು ಅಷ್ಟು ಸುಲಭವಾಗುತ್ತದೆ. ಒಂದೆಳೆ ಜಾಸ್ತಿಯಾಯಿತೋ, ತಂತಿ ಮರಕ್ಕೆ ತಗುಲಿ ಗಿಜಿಗಿಜಿ ಅನ್ನುತ್ತದೆ. ಉಜ್ಜಿದ್ದನ್ನು ತಿರುಗಿ ಹಚ್ಚಲು ಬರುವುದಿಲ್ಲ.

ನೀವು ನಗಬಹುದು. ನಾನು ಮೊದಲಿನಿಂದಲೂ ಅಂಜುಬುರುಕಿ. ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿ ನಮ್ಮಪ್ಪನದೊಂದು ಕಿರಾಣಿ ಅಂಗಡಿ ಇತ್ತು. ಅಂಗಡಿಯ ಗೋಡೆಯ ಮೇಲೆ ಕೀಲಿ ಕೊಡುವ ದೊಡ್ಡ ಗಡಿಯಾರ. ವಾರಕ್ಕೊಮ್ಮೆ ತಾತ ಸ್ಟೂಲು ಹತ್ತಿ, ಗಾಜಿನ ಬಾಗಿಲು ತೆರೆದು, ಕೀಲಿ ತಿರುಗಿಸುತ್ತಿದ್ದರು. ಕಿರ್ರ್, ಕಿರ್ರ್. ಒಂದು ಸುತ್ತು ಹೆಚ್ಚಾದರೆ ಒಳಗಿನ ಸುರುಳಿ ಸಿಡಿದು ಮನುಷ್ಯರ ಕಣ್ಣು ಕಿತ್ತುಕೊಂಡು ಹೋಗುತ್ತದೆ ಅಂತ ನಮ್ಮಕ್ಕ ನನಗೆ ಹೇಳಿಟ್ಟಿದ್ದಳು. ನಾನು ಬೆಲ್ಲದ ಚೀಲದ ಹಿಂದೆ ಕೂತು, ಕಿವಿ ಮುಚ್ಚಿಕೊಂಡು, ತಾತನ ಎರಡು ಕಣ್ಣಿಗಾಗಿ ದೇವರಿಗೆ ಕೈ ಮುಗಿಯುತ್ತಿದ್ದೆ. ಕಿವಿ ಮುಚ್ಚಿಕೊಂಡು ಕೈ ಮುಗಿಯುವುದು ಹೇಗೆ ಅಂತ ಕೇಳಬೇಡಿ, ಹೆದರಿದವರಿಗೆ ಅದು ಹೇಗೋ ಬರುತ್ತದೆ. ತಾತ ಇಳಿದು ಬಂದು, "ಯಾಕವ್ವ, ಬೆಲ್ಲಕ್ಕೆ ಇರುವೆ ಮುತ್ತಿದ್ವಾ?" ಅನ್ನುತ್ತಿದ್ದರು. ತಾತ ಎರಡೂ ಕಣ್ಣಿಟ್ಟುಕೊಂಡೇ ತೀರಿಕೊಂಡರು. ನನ್ನ ಹೆದರಿಕೆ ಮಾತ್ರ ನನ್ನ ಜತೆಗೇ ಹೊನ್ನಾಳಿಗೆ ಮದುವೆಯಾಗಿ ಬಂತು.

ಗಿಟಾರಿನ ವಿಷಯವೂ ಮದುವೆಯಿಂದಲೇ ಶುರು. ಸಂಬಂಧ ತಂದ ಮಾವ, "ಹುಡುಗ ಹೈಸ್ಕೂಲಿನಾಗೆ ಗುಮಾಸ್ತ. ಗಿಟಾರನ್ನೂ ಬಾರಿಸ್ತಾನೆ" ಅಂದರು. ನಮ್ಮಪ್ಪ ತಕ್ಕಡಿ ಕೆಳಗಿಟ್ಟು, "ಅದು ಕೆಲಸದ ಜತೀಗೋ, ಕೆಲಸದ ಬದ್ಲಿಗೋ?" ಅಂದರು. ಜತೆಗೇ ಅಂತ ಖಾತ್ರಿಯಾದ ಮೇಲೂ ಒಳಗೆ ಬಂದು ಅಮ್ಮನ ಹತ್ತಿರ ಮೆಲ್ಲಗೆ, "ಅದನ್ನ ಬಾರ್ಸೋರು ಕುಡಿತಾರೇನೇ?" ಅಂತ ಕೇಳಿದ್ದು ನನಗೆ ಕೇಳಿಸಿತ್ತು. ಅಮ್ಮನಿಗೇನು ಗೊತ್ತು, ಗಿಟಾರನ್ನು ಅವಳು ಕ್ಯಾಲೆಂಡರಿನಲ್ಲೂ ನೋಡಿರಲಿಲ್ಲ.

ನಮ್ಮನೆಯವರು ಕುಡಿಯಲಿಲ್ಲ. ಆದರೆ ಗಣೇಶನ ಹಬ್ಬ ಬಂತೆಂದರೆ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಹೊನ್ನಾಳಿಯ ಆರೇಳು ಜನ ಸೇರಿ ಒಂದು ಆರ್ಕೆಸ್ಟ್ರಾ ಮಾಡಿಕೊಂಡಿದ್ದರು. ಇವತ್ತು ಸಾಸ್ವೆಹಳ್ಳಿ, ನಾಳೆ ಚನ್ನಗಿರಿ, ಹೀಗೆ ಟೆಂಪೋದಲ್ಲಿ ಸುತ್ತುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹೆಮ್ಮೆಯಿಂದ ಸಾಸ್ವೆಹಳ್ಳಿಗೆ ನೋಡಲು ಹೋಗಿದ್ದೆ. ಹಾಡುವವರು ಮುಂದೆ, ಡ್ರಮ್ಮಿನವರು ನಡುವೆ, ನಮ್ಮನೆಯವರು ಸ್ಪೀಕರ್ ಡಬ್ಬದ ಹಿಂದೆ. ನನಗೆ ಕಂಡದ್ದು ಒಂದು ಮೊಣಕೈ. "ಹೆಂಗಿತ್ತೇ?" ಅಂದರು ಮನೆಗೆ ಬಂದು. "ಮೊಣಕೈ ಚೆನ್ನಾಗಿ ಆಡ್ತಿತ್ತು ಕಣ್ರೀ" ಅಂದೆ. ಎರಡು ದಿನ ಮಾತು ಬಿಟ್ಟಿದ್ದರು.

ಕಾಲ ಸರಿದು ಆರ್ಕೆಸ್ಟ್ರಾ ಚೆದುರಿತು. ಗಿಟಾರು ಬೆಡ್‌ಶೀಟಿನಲ್ಲಿ ಸುತ್ತಿಸಿಕೊಂಡು ಅಟ್ಟ ಸೇರಿತು. ಭಾನುವಾರ ಮನಸ್ಸಾದರೆ ಇಳಿಸುತ್ತಿದ್ದರು, ಇಲ್ಲವಾದರೆ ಇಲ್ಲ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ ಅವರ ಎಡಗೈಯಿಂದ ಕನ್ನಡಿ ಬಿತ್ತು. ನಾನು ಒಳಗಿನಿಂದಲೇ, "ನೋಡ್ಕಂಡು ಹಿಡೀಬಾರ್ದಾ?" ಅಂದೆ. ಬಂದು ನೋಡಿದರೆ ಅವರು ಬಗ್ಗಿ ಚೂರುಗಳನ್ನು ಎತ್ತಲು ನೋಡುತ್ತಿದ್ದಾರೆ, ಕೈ ಅವರ ಮಾತು ಕೇಳುತ್ತಿಲ್ಲ. ಮುಖದ ತುಂಬ ಸೋಪಿನ ನೊರೆ ಇದ್ದಂತೆಯೇ ಆಟೋ ಹತ್ತಿಸಿ, ಅಲ್ಲಿಂದ ಕಾರು ಮಾಡಿ ಶಿವಮೊಗ್ಗಕ್ಕೆ ಕರೆದುಕೊಂಡು ಓಡಿದೆವು. "ಲಕ್ವ, ಆದ್ರೆ ಸಣ್ಣದು. ಬೇಗ ಬಂದಿದೀರಿ" ಅಂದರು ಡಾಕ್ಟರು. ಆ ಸಣ್ಣದು ಅನ್ನುವ ಮಾತನ್ನು ಹಿಡಿದುಕೊಂಡು ನಾನು ಇಷ್ಟು ದಿನ ದಾಟಿದ್ದೇನೆ. ಸಣ್ಣದು ಬಂದ ದಾರಿಯಲ್ಲೇ ದೊಡ್ಡದೂ ಬರಬಹುದಲ್ಲ ಅನ್ನುವುದು ಹಿಂದೆಯೇ ಬರುತ್ತದೆ. ಬಚ್ಚಲಲ್ಲಿ ತಂಬಿಗೆ ಸದ್ದಾದರೆ ಒಗ್ಗರಣೆ ಬಿಟ್ಟು ಓಡುತ್ತೇನೆ. ಅವರು ಸುಮ್ಮನಿದ್ದರೆ ಇನ್ನೂ ಬೇಗ ಓಡುತ್ತೇನೆ. "ಬಾಗ್ಲು ಹಾಕ್ಕಂಡು ಸ್ನಾನ ಮಾಡಾಕೂ ಬಿಡಲ್ಲ ಇವ್ಳು" ಅಂತ ಅವರ ಗೊಣಗಾಟ. ರಾತ್ರಿ ಅವರಿಗೆ ನಿದ್ದೆ ಹತ್ತಿದ್ದು ಖಾತ್ರಿಯಾಗುವವರೆಗೆ ನಾನು ಕಣ್ಣು ಮುಚ್ಚುವುದಿಲ್ಲ.

ಕೆಲವು ದಿನ ಎಳೆದುಕೊಂಡು ನಡೆಯುತ್ತಿದ್ದ ಎಡಗಾಲು ಸರಿಹೋಯಿತು. ಮಾತು ಎಂದೂ ಕೆಟ್ಟಿರಲಿಲ್ಲ. ಬರೆಯುವುದು ಬಲಗೈ, ಹಾಗಾಗಿ ನೌಕರಿಗೆ ತೊಂದರೆಯಿಲ್ಲ ಅಂತ ಬಂದವರೆಲ್ಲ ಸಮಾಧಾನ ಹೇಳಿದರು. ಎಡಗೈ ಬೆರಳುಗಳು ಮಾತ್ರ ಇದ್ದೂ ಇಲ್ಲದ ಹಾಗೆ. ಒಂದು ದಿನ ಕುದಿಯುವ ಕಾಫಿಯ ಲೋಟವನ್ನು ಎಡಗೈಯಲ್ಲಿ ಹಿಡಿದುಕೊಂಡು ಪೇಪರ್ ಓದುತ್ತಾ ಕೂತಿದ್ದರು. ನಾನು ಕಿರುಚಿ ಕಿತ್ತುಕೊಂಡೆ. ಬೆರಳ ತುದಿ ಕೆಂಪಾಗಿತ್ತು. "ಬಿಸಿ ಅನ್ನಿಸ್ಲಿಲ್ವೇನ್ರೀ?" ಅಂದರೆ, "ಹತ್ತಿ ಹಿಡ್ಕಂಡಂಗೆ ಐತೆ ಕಣೇ" ಅಂದರು. ಅಂದಿನಿಂದ ಬಿಸಿ ಲೋಟವನ್ನು ಅವರ ಬಲಗೈಗೇ ಕೊಡುತ್ತೇನೆ.

ಕಸರತ್ತು ಹೇಳಿಕೊಡುವ ಆಸ್ಪತ್ರೆಯ ಹುಡುಗಿ ರಬ್ಬರ್ ಚೆಂಡು ಕೊಟ್ಟು ಹಿಸುಕಿ ಅಂದಿದ್ದಳು. ನಾಲ್ಕು ದಿನ ಹಿಸುಕಿದರು, ಐದನೇ ದಿನ ಚೆಂಡು ಹಿತ್ತಲಿನ ನುಗ್ಗೆಮರ ದಾಟಿ ಹೋಯಿತು. "ನಾನೇನು ಎಳೆ ಕೂಸಾ?" ಅಂದರು. ಆ ಹುಡುಗಿ ಬಯ್ಯಲಿಲ್ಲ. "ಮೊದಲು ಈ ಕೈಲಿ ಇಷ್ಟಪಟ್ಟು ಏನು ಮಾಡ್ತಿದ್ರಿ ಅಂಕಲ್? ಅದನ್ನೇ ಮಾಡಿ. ಬಳಸ್ದೇ ಬಿಟ್ರೆ ಕೈ ಹಂಗೇ ನಿಂತು ಬಿಡುತ್ತೆ" ಅಂದಳು. ಬಸ್ಸಿನಲ್ಲಿ ಬರುವಾಗ ಇವರು ಕಿಟಕಿ ಕಡೆ ನೋಡುತ್ತಲೇ, "ಅಟ್ಟದ ಮ್ಯಾಲಿಂದು ಇಳ್ಸು. ಇದೊಂದು ನೋಡ್ತೀನಿ. ಇದೂ ಆಗ್ಲಿಲ್ಲ ಅಂದ್ರೆ ಈ ಕೈ ಸುದ್ದಿ ಇನ್ನ ಎತ್ತಬ್ಯಾಡ ನೀನು" ಅಂದರು. ಸಿಟ್ಟಿನಲ್ಲಿ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ತೀರಾ ಮೆತ್ತಗೆ ಹೇಳಿದರು.

ಇಳಿಸಿದೆ. ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಆದರೂ ತಂತಿ ಬಿಗಿದು ನೋಡಿದರು, ಸದ್ದು ಬಂತು. ಮರುದಿನ ಚನ್ನಗಿರಿಯಲ್ಲಿ ನಮ್ಮ ಕಡೆಯ ಒಂದು ಮದುವೆ. ನಾವಿಬ್ಬರೂ ಹೋಗಿದ್ದೆವು, ಮನೆಯಲ್ಲಿ ಅತ್ತೆ ಒಬ್ಬರೇ.

ನಮ್ಮತ್ತೆ ಜಗಳೂರು ಕಡೆಯವರು. ಅವರ ಲೆಕ್ಕದಲ್ಲಿ ಬಿಸಿಲು ವಾಸಿ ಮಾಡದ ಕಾಯಿಲೆ ಇಲ್ಲ. ಅಕ್ಕಿಗೆ ಹುಳ ಬಿದ್ದರೆ ಬಿಸಿಲು, ಹಾಸಿಗೆ ಮುಗ್ಗಲಾದರೆ ಬಿಸಿಲು, ಕೂಸಿಗೆ ಕೆಮ್ಮಾದರೆ ಬಿಸಿಲು. ನನ್ನ ಬಾಣಂತನದಲ್ಲಿ ನನ್ನನ್ನೂ, ಈಗ ಬೇರೆ ಊರಿನಲ್ಲಿ ಸಂಸಾರ ಮಾಡುತ್ತಿರುವ ಮಗಳನ್ನೂ ಸಂಡಿಗೆಯ ಹಾಗೆ ಮಗುಚಿ ಮಗುಚಿ ಒಣಗಿಸಿದ್ದರು. ಬೂಷ್ಟು ಹಿಡಿದ ಗಿಟಾರನ್ನು ಅವರು ಬಿಡುತ್ತಾರೆಯೇ? ಸಂಜೆ ನಾವು ಬಂದು ಮಾಳಿಗೆ ಹತ್ತಿದರೆ ಕಂಡದ್ದು ಇದು: ಒಂದು ಕಡೆ ಬ್ಯಾಡಗಿ ಮೆಣಸಿನಕಾಯಿ, ಒಂದು ಕಡೆ ಶಾವಿಗೆ, ನಡುವೆ ಹಳೇ ಸೀರೆಯ ಮೇಲೆ ಅಂಗಾತ ಮಲಗಿದ ಗಿಟಾರು. ಕಾಗೆ ಕೂರದಿರಲಿ ಅಂತ ಪಕ್ಕದಲ್ಲೊಂದು ಕಪ್ಪು ಕೊಡೆ.

ಬೂಷ್ಟು ಹೋಗಿತ್ತು. ಅದರ ಜತೆಗೆ ಗಿಟಾರಿನ ಕತ್ತೂ ಬಾಗಿತ್ತು. ಮೊದಲು ಮರಕ್ಕೆ ಅಂಟಿದ ಹಾಗಿದ್ದ ತಂತಿಗಳು ಮೇಲೆದ್ದು ನಿಂತಿದ್ದವು. ಕತ್ತಿನ ಬುಡದಲ್ಲಿ ತಂತಿಯ ಕೆಳಗೆ ಪೆನ್ಸಿಲ್ ದಪ್ಪದ ಚೌಳಿಕಾಯಿ ಇಟ್ಟರೆ ಸಲೀಸಾಗಿ ಆಚೆಗೆ ತೂರುತ್ತಿತ್ತು. ನಮ್ಮನೆಯವರು ಎಡಗೈಯಲ್ಲಿ ಒತ್ತಿ ನೋಡಿದರು. ತಂತಿ ಮರ ಮುಟ್ಟಲೇ ಇಲ್ಲ. ನಾನು ಒತ್ತಿದೆ, ಸೂಜಿ ಚುಚ್ಚಿಸಿಕೊಂಡು ಗಟ್ಟಿಯಾದ ನನ್ನ ಬೆರಳೇ ಅಯ್ಯೋ ಅಂದಿತು.

"ಅವ್ವ, ಮರ ಬಿಸಿಲಿಗೆ ಬಗ್ಗೈತೆ ನೋಡು" ಅಂದರು ಇವರು.

ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಬಿಸಿಲಿಗೆ ಮರ ಬಗ್ಗಂಗಿದ್ರೆ ನಮ್ಮ ಜಗಳೂರಾಗೆ ಒಂದು ಬಾಗ್ಲೂ ನೆಟ್ಟಗೆ ಇರ್ತಿರ್ಲಿಲ್ಲ. ಯಾರ್ದೋ ಕಣ್ಣು ಬಿದ್ದೈತೆ" ಅಂದರು. ಅಂದು ಸಂಜೆ ಉಪ್ಪು ಮೆಣಸಿನಕಾಯಿ ಹಿಡಿದು ಮಗನಿಗೆ ದೃಷ್ಟಿ ತೆಗೆದರು. ಆ ಮುಷ್ಟಿಯನ್ನು ಹಾಗೇ ಗಿಟಾರಿಗೂ ಇಳಿಸಿ ಒಲೆಗೆ ಹಾಕಿದರು. ಮೂರೂ ಜನ ಕೆಮ್ಮಿದೆವು.

ನ್ಯಾಮತಿಯಲ್ಲಿ ಭಜನೆ ಮಂಡಳಿಗಳ ಹಾರ್ಮೋನಿಯಂ ರಿಪೇರಿ ಮಾಡುವ ರುದ್ರಪ್ಪ ಅಂತ ಇದ್ದಾರೆ. ವಾದ್ಯ ವಾದ್ಯವೇ ತಾನೇ ಅಂದುಕೊಂಡು, ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಬಂದು ದನಿ ತಗ್ಗಿಸಿ, "ಮಗು ಮಲಗೈತೇನಮ್ಮ?" ಅಂದ. ಬಸ್ಸು ಕುಲುಕಿದಾಗ ಮಗು ಟ್ರಿಂಗ್ ಅಂದಿತು. ಆತ ಮುಖ ಗಂಟಿಕ್ಕಿಕೊಂಡು ಮುಂದಿನ ಸೀಟಿಗೆ ಹೋದ.

ರುದ್ರಪ್ಪನವರು ಗಿಟಾರಿನ ಕತ್ತನ್ನು ಕಣ್ಣಿಗೆ ನೇರ ಹಿಡಿದು ನೋಡಿದರು, ಬಂದೂಕು ಗುರಿಯಿಟ್ಟ ಹಾಗೆ.

"ಬಗ್ಗೈತೆ. ಇದರ ಕತ್ತಿನೊಳಗೆ ಒಂದು ಕಬ್ಬಿಣದ ಸಲಾಕೆ ಇರ್ತೈತಂತೆ. ಅದನ್ನ ತಿರುಪಿದ್ರೆ ನೆಟ್ಟಗಾಗ್ತೈತಂತೆ."

"ಹಂಗಾದ್ರೆ ತಿರುಪಿ ಕೊಡ್ರಿ."

"ಅಂತೆ ಅಂದೆ ಕಣಮ್ಮ. ಜಾಸ್ತಿ ತಿರುಪಿದ್ರೆ ಕತ್ತೇ ಬಿರೀತೈತೆ ಅಂತಾನೂ ಅಂತಾರೆ. ಹಾರ್ಮೋನಿಯಂ ಆದ್ರೆ ಬಿಚ್ಚಿ ನೆಲದ ಮ್ಯಾಲೆ ಹರವಿಕೊಂಡು ಕೂರ್ತೀನಿ, ಏನೂ ಅನ್ನಲ್ಲ ಅದು. ಇದು ನೋಡ್ರಿ, ಸದಾ ಎಳ್ಕಂಡು ಬಿಗ್ಕಂಡು ಕುಂತೈತೆ, ಮುನಿಸಿಕೊಂಡ ಅಳಿಯ ಇದ್ದಂಗೆ. ನಾನು ಮುಟ್ಟಲ್ಲ, ತಪ್ಪು ತಿಳೀಬ್ಯಾಡ್ರಿ."

ಚಹಾ ಕುಡಿಸಿ ಕಳಿಸಿದರು. ಹೋಗುವಾಗ ಇದ್ದದ್ದು ಒಂದು ಹೆದರಿಕೆ; ಬರುವಾಗ ಕತ್ತು ಬಿರಿಯುವುದೂ ಸೇರಿಕೊಂಡು ಎರಡಾದವು. ದಾರಿಯುದ್ದಕ್ಕೂ ನಾನು ಆ ಮರದ ಕತ್ತಿನ ಕೆಳಗೆ ಅಂಗೈ ಕೊಟ್ಟುಕೊಂಡೇ ಕೂತಿದ್ದೆ.

ಕೊನೆಗೆ ದಾವಣಗೆರೆಯ ವಾದ್ಯದ ಅಂಗಡಿಗೆ ಫೋನು ಮಾಡಿದೆವು. ಅಂಗಡಿಯಾತ ಒಂದೇ ಉಸಿರಿಗೆ ಹೇಳಿದ: ತೆಳು ತಂತಿ ಹಾಕಿ, ಎಳೆತ ಕಮ್ಮಿ ಆಗುತ್ತೆ, ಒತ್ತೋಕೂ ಹಗುರ. ಸಲಾಕೆ ಕಾಲು ಸುತ್ತು ತಿರುಗಿಸಿ ಒಂದು ದಿನ ಬಿಡಿ. ಆಮೇಲೂ ತಂತಿ ಎತ್ತರ ಅನ್ನಿಸಿದ್ರೆ ಬಿಳಿ ಪಟ್ಟಿ ಬಿಚ್ಚಿ ಉಜ್ಜಿ. ತಳ ಉಜ್ಜಬೇಕು, ತಲೆ ಅಲ್ಲ. ತಂತಿ ಎಷ್ಟು ಇಳೀಬೇಕೋ ಅದರ ಎರಡರಷ್ಟು ಪಟ್ಟಿ ಸವೆಸಬೇಕು. ಮರುದಿನ ತಂತಿಯ ಪೊಟ್ಟಣ, ಅದರ ಜತೆ ಎಲ್ ಆಕಾರದ ಒಂದು ಪುಟ್ಟ ಕೀಲಿ ಬಸ್ಸಿನ ಡ್ರೈವರ್ ಕೈಯಲ್ಲಿ ಹೊನ್ನಾಳಿ ಸ್ಟ್ಯಾಂಡಿಗೆ ಬಂದವು.

ಬಂದು ಅಲಮಾರಿಯಲ್ಲಿ ಕೂತವು. ಇವರು ಕೈ ಹಚ್ಚಲಿಲ್ಲ. ಒಂದು ದಿನ ಶಾಲೆಯಲ್ಲಿ ಅಡ್ಮಿಶನ್ ಕೆಲಸ ಅಂದರು. ಒಂದು ದಿನ ಮಂಗಳವಾರ ಅಂದರು. ಅಮಾವಾಸ್ಯೆ ಅಂದರು, ನಮ್ಮನೆಯವರು ಜೀವಮಾನದಲ್ಲಿ ಅಮಾವಾಸ್ಯೆ ನೋಡಿದವರಲ್ಲ. ನನ್ನ ಹಾಗೆಯೇ ಇವರಿಗೂ ಕತ್ತು ಬಿರಿಯುವ ಹೆದರಿಕೆ ಅಂದುಕೊಂಡು ನಾನೂ ಸುಮ್ಮನಿದ್ದೆ.

ಆಮೇಲೊಂದು ಸಂಜೆ ಇವರ ಶಾಲೆಯ ಡ್ರಿಲ್ ಮೇಷ್ಟ್ರು ಮನೆಗೆ ಬಂದರು. "ಗಿಟಾರ್ ಹಿಡಿದ್ರಾ ಸಾರ್? ಕೈ ಹೆಂಗೈತೆ?" ಅಂದರು. ಇವರು ಬಹಳ ಉತ್ಸಾಹದಿಂದ, "ಹಿಡಿದೆ ಕಣ್ರೀ. ಏನ್ ಮಾಡಾಕೆ ಆಗ್ತೈತೆ, ನಮ್ಮವ್ವ ಅದನ್ನ ಬಿಸಿಲಿಗೆ ಹಾಕಿ ಕತ್ತು ಬಗ್ಸಿಟ್ಟೈತೆ. ಕೈಯೇನೋ ಪರವಾಗಿಲ್ಲ, ವಾದ್ಯ ಕೆಟ್ಟೈತೆ" ಅಂದು, ಕೊಡೆ, ಮೆಣಸಿನಕಾಯಿ, ದೃಷ್ಟಿ ಎಲ್ಲವನ್ನೂ ಹೇಳಿ ಮೇಷ್ಟ್ರನ್ನು ಹೊಟ್ಟೆ ಹಿಡಿದು ನಗಿಸಿದರು. ಕಾಫಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ನನಗೆ ಆಗ ತಿಳಿಯಿತು. ಗಿಟಾರು ಕೆಟ್ಟಿರುವವರೆಗೆ ಇವರ ಕೈ ಕೆಟ್ಟಿಲ್ಲ. ಅದು ನೆಟ್ಟಗಾದ ದಿನ ತಪ್ಪು ಹೊರಿಸಲು ಮರವೂ ಇಲ್ಲ, ಅತ್ತೆಯೂ ಇಲ್ಲ, ಜಗಳೂರಿನ ಬಿಸಿಲೂ ಇಲ್ಲ.

ಅಂದಿನಿಂದ ನನಗೂ ಅಲಮಾರಿಯ ಕಡೆ ನೋಡಲು ಭಯ. ಬಟ್ಟೆ ತೆಗೆಯುವಾಗ ಕೈಗೆ ಆ ಪೊಟ್ಟಣ ತಗುಲಿದರೆ ಹಿಂದಕ್ಕೆ ತಳ್ಳುತ್ತಿದ್ದೆ. ಹಾಗಂತ ಎಷ್ಟು ದಿನ? ಬಳಸದೇ ಬಿಟ್ಟರೆ ನಿಂತುಬಿಡುತ್ತದೆ ಅಂತ ಆ ಹುಡುಗಿ ಹೇಳಿದ್ದು ಕಿವಿಯಲ್ಲಿತ್ತು. ಕಸರತ್ತು ಮಾಡಿಸುವಾಗ ಅವರ ಕಿರುಬೆರಳು ಮೊದಲಿಗಿಂತ ಬಿಗಿಯಾದಂತೆ ಅನ್ನಿಸುತ್ತಿತ್ತು. ನಿಜವೋ, ನನ್ನ ಭ್ರಮೆಯೋ. ಮೊನ್ನೆ ಊಟವಾದ ಮೇಲೆ ಪೊಟ್ಟಣ ತಂದು ಅವರ ಮುಂದೆ ಇಟ್ಟೆ.

"ನೀವು ಹೇಳ್ರಿ, ನಾನು ತಿರುಪ್ತೀನಿ" ಅಂದೆ.

"ನೀನಾ? ಕುಕ್ಕರ್ ಸೀಟಿಗೆ ಬೆಚ್ಚಿ ಬೀಳೋಳು" ಅಂದರು. ಆಮೇಲೆ, "ಹೂಂ, ತಿರುಪು" ಅಂದರು.

ಹಳೇ ತಂತಿ ಸಡಿಲ ಮಾಡಿ ತೆಗೆದೆವು. ಗಿಟಾರಿನ ಹೊಟ್ಟೆಯ ತೂತಿನೊಳಗೆ ಕೀಲಿ ಇಳಿಸಿ ತಡಕಿದೆ, ಕೂತಿತು. ತಿರುಪಿದೆ. ಕಿರ್ರ್ ಅಂದಿತು. ನಾನು ಕೀಲಿ ಬಿಟ್ಟು ಎರಡೂ ಕಣ್ಣು ಮುಚ್ಚಿಕೊಂಡೆ. ಇವರು ನಗುತ್ತಾ, "ಇನ್ನೂ ಅರೆಕಾಲು ಸುತ್ತೂ ಆಗಿಲ್ಲ ಕಣೇ" ಅಂದರು. ಉಳಿದದ್ದನ್ನು ಮುಖ ಆಚೆ ತಿರುಗಿಸಿಕೊಂಡು ಮುಗಿಸಿದೆ. ಹೊಸ ತಂತಿ ಹಾಕಿ, ಬಿಗಿದು, ಮಲಗಿಸಿದೆವು. ಕತ್ತು ಬಿರಿಯಲಿಲ್ಲ.

ನಿನ್ನೆ ಭಾನುವಾರ. ತಂತಿಯನ್ನು ಕತ್ತಿನ ಆ ತುದಿ ಈ ತುದಿ ಒತ್ತಿ ಹಿಡಿದು ನಡುವಿನ ಸಂದು ನೋಡಬೇಕು, ವಿಸಿಟಿಂಗ್ ಕಾರ್ಡಿನಷ್ಟು ಇದ್ದರೆ ಸಾಕು ಅಂದಿದ್ದ ಅಂಗಡಿಯಾತ. ನಮ್ಮನೆಯಲ್ಲಿ ವಿಸಿಟಿಂಗ್ ಕಾರ್ಡ್ ಎಲ್ಲಿಂದ ಬರಬೇಕು? ಲಗ್ನಪತ್ರಿಕೆಯ ಮೂಲೆ ಹರಿದು ತೂರಿಸಿದೆ. ಸರಿಯಾಗಿ ಹಿಡಿಯಿತು. ಕತ್ತು ನೆಟ್ಟಗಾಗಿತ್ತು. ಆದರೂ ತಂತಿ ಇನ್ನೂ ಎತ್ತರವೇ. ಇನ್ನು ಉಳಿದದ್ದು ಪಟ್ಟಿ.

ಇದಕ್ಕೆ ನಾನು ರವಿಕೆಯ ದಾರಿ ಹಿಡಿದೆ. ನಮ್ಮ ಗಿರಾಕಿಗಳು ಅಳತೆ ರವಿಕೆ ಕೊಟ್ಟು, "ಇದಕ್ಕಿಂತ ಚೂರು ಬಿಗಿ" ಅನ್ನುತ್ತಾರೆ. ಆ ಚೂರು ಎಷ್ಟು ಅಂತ ಅವರಿಗೂ ಗೊತ್ತಿರುವುದಿಲ್ಲ. ಹೇಳಿದಷ್ಟನ್ನು ಒಂದೇ ಸಲ ಹಿಡಿದವಳು ಕೆಟ್ಟಳು. ಅರ್ಧ ಹಿಡಿದು, ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿ, ಆಮೇಲೆ ಮಿಕ್ಕಿದ್ದು. ಪಟ್ಟಿಯ ತಳದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಗೆರೆಯ ಅರ್ಧಕ್ಕೆ ಉಜ್ಜಿದೆ. ಗಿಟಾರಿಗೆ ತೊಡಿಸಿದೆ. ತಂತಿ ಬಿಗಿಯುವಾಗ ಸಿಡಿದು ಕಣ್ಣಿಗೆ ಬಡಿದರೆ ಅಂತ, ಸೂಜಿಗೆ ದಾರ ಪೋಣಿಸುವ ನನ್ನ ಕನ್ನಡಕವನ್ನು ಇವರಿಗೆ ಹಾಕಿದೆ. ಕೆಂಪು ಚೌಕಟ್ಟಿನ ಹೆಂಗಸರ ಕನ್ನಡಕ. "ಇದನ್ನ ಹಾಕ್ಕಂಡೇ ಸ್ಟೇಜ್ ಹತ್ತಿದ್ರೆ ನನ್ನ ಮೊಣಕೈ ಯಾರೂ ನೋಡ್ತಿರಲಿಲ್ಲ ಬಿಡು" ಅಂದರು. ನೋಡಿದೆವು, ಇನ್ನೂ ಎತ್ತರ. ಬಿಚ್ಚಿದೆ, ಮತ್ತೆ ಉಜ್ಜಿದೆ. ಕಟ್ಟೆಯ ಮೇಲೆ ಬಿಳಿ ಪುಡಿ ಬಿದ್ದಿತ್ತು. ಅತ್ತೆ ಬಂದು, "ಅಕ್ಕಿ ಹಿಟ್ಟು ಹಿಂಗ್ ಚೆಲ್ತಾರೇನೇ?" ಅಂತ ಬಟ್ಟಲಿಗೆ ಬಳಿಯಲು ಹೊರಟರು. ಅದನ್ನು ರೊಟ್ಟಿಗೆ ಸೇರಿಸುವ ಮೊದಲೇ ತಡೆದೆ.

ಗೆರೆ ಮುಟ್ಟಲು ಕೂದಲೆಳೆ ಇರುವಾಗ ನಿಲ್ಲಿಸಿದೆ. ತೊಡಿಸಿ, ಬಿಗಿದು, ಇವರು ಬಲಗೈಯಿಂದ ಆರೂ ತಂತಿಯನ್ನು ಮೇಲಿನಿಂದ ಕೆಳಕ್ಕೆ ಸವರಿದರು. ಗಿಜಿಗಿಜಿ ಇಲ್ಲ. ನಾನು ಒತ್ತಿ ನೋಡಿದೆ. ಹುಕ್ಕು ಹಾಕುವಷ್ಟು ಸುಲಭ.

"ಸರಿಹೋತು" ಅಂದೆ.

"ಕಾಫಿ ಕುಡಿದು ನೋಡಾಣ" ಅಂದರು. ಕುಡಿದೆವು. "ಸೆಖೆ ಐತೆ, ಕರೆಂಟ್ ಬರ್ಲಿ" ಅಂದರು. ಗೋಡೆಗೊರಗಿ ಕೂತಿದ್ದ ಅತ್ತೆ, "ಅದಕ್ಕೆ ಕರೆಂಟ್ ಯಾಕೋ?" ಅಂದರು. ಇನ್ನು ನೆಪ ಇರಲಿಲ್ಲ.

ಎತ್ತಿಕೊಂಡರು. ಎಡಗೈಯನ್ನು ಕತ್ತಿನ ಸುತ್ತ ತಂದು, ಮೂರು ಬೆರಳನ್ನು ಒಂದೊಂದಾಗಿ ಬಲಗೈಯಿಂದ ಎತ್ತಿ ತಂತಿಯ ಮೇಲೆ ಕೂರಿಸಿದರು. ಒತ್ತಿದರು. ಕುತ್ತಿಗೆಯ ನರ ಎದ್ದಿತು. ನಾನು ತಂತಿ ನೋಡಲಿಲ್ಲ, ಬಾಯಿ ಸೊಟ್ಟಗಾಗುತ್ತದೋ ಅಂತ ಅವರ ತುಟಿ ನೋಡುತ್ತಿದ್ದೆ. ಬಲಗೈ ಇಳಿಯಿತು. ಟಪ್ ಅಂದಿತು. ಹಲಗೆಗೆ ಬಡಿದಂತೆ, ಅಷ್ಟೇ. ಮತ್ತೆ ಒತ್ತಿದರು. ಟಪ್. ಉಂಗುರದ ಬೆರಳು ತಂತಿಯ ಮೇಲೆ ಕೂತಿತ್ತು, ಆದರೆ ಒತ್ತುತ್ತಿರಲಿಲ್ಲ, ಯಾರೋ ಮರೆತು ಇಟ್ಟುಹೋದ ಹಾಗೆ.

"ಇನ್ನೊಂಚೂರು ಉಜ್ಜಲಾ?" ಅಂದೆ.

"ಬ್ಯಾಡ. ಇದ್ರದ್ದೇನೂ ತಪ್ಪಿಲ್ಲ. ಉಜ್ಜಿದ್ರೆ ಪಟ್ಟಿ ಸವೀತೈತೆ, ಬೆರಳು ಬರಲ್ಲ." ಆ ಮೆತ್ತನೆಯ ದನಿ ಮತ್ತೆ ಬಂದಿತ್ತು. "ಎತ್ತಿಡು."

ನಾನು ಏಳಲಿಲ್ಲ. ಎದ್ದು ಅದನ್ನು ಇಸಿದುಕೊಂಡರೆ ಮತ್ತೆಂದೂ ಆ ಕೈಗೆ ಕೊಡಲಾರೆ ಅನ್ನಿಸಿತು.

ಅತ್ತೆ ಕಿವಿ ಹಿಂದೆ ಕೈ ಇಟ್ಟುಕೊಂಡು, "ಯಾಕೋ ನಿಲ್ಸಿದೆ? ಈಗ ಕೇಳಾಕೆ ಹತ್ತಿತ್ತು ನಂಗೆ" ಅಂದರು.

"ಏನ್ ಕೇಳ್ತೀಯವ್ವ, ಹಲಗೆ ಬಡಿದಂಗೆ ಐತೆ."

"ಹಲಗೇನೇ ಬಡಿ. ಯಾರ್ ಬ್ಯಾಡ ಅಂದ್ರು? ಅದನ್ನ ಒಣಗ್ಸಿದ್ದು ನಾನು, ನಂಗೂ ಒಂದು ಕೇಳ್ಸು."

ಇವರು ನಗಬಾರದು ಅಂತಿದ್ದರು, ಮೂಗಿನಿಂದ ನಗು ಬಂದುಬಿಟ್ಟಿತು. ಗಿಟಾರು ಇನ್ನೂ ತೊಡೆಯ ಮೇಲೇ ಇತ್ತು. ಸ್ವಲ್ಪ ಹೊತ್ತು ಕತ್ತಿನ ಮೇಲೆ ಬೆರಳು ಆಡಿಸಿದರು. "ಎರಡೇ ಬೆರಳಲ್ಲಿ ಹಿಡಿಯೋ ಸ್ವರ ಒಂದೈತೆ. ಶುರು ಮಾಡೋರು ಮೊದ್ಲು ಕಲಿಯೋದು" ಅಂದರು, ಯಾರಿಗೆ ಅಂತಿಲ್ಲದೆ. ಉಂಗುರದ ಬೆರಳನ್ನೂ ಕಿರುಬೆರಳನ್ನೂ ಮಡಚಿ ಬದಿಗಿಟ್ಟರು. ತೋರುಬೆರಳು, ನಡುಬೆರಳು ಪಕ್ಕಪಕ್ಕದ ಎರಡು ತಂತಿಯ ಮೇಲೆ ಕೂತವು. ಮೊದಲ ಸಲ ಒಂದು ತಂತಿ ಮೂಕ. ಬೆರಳು ಚೂರು ಸರಿಸಿದರು. ಮತ್ತೆ ಸವರಿದರು.

ಆರೂ ತಂತಿ ಒಟ್ಟಿಗೆ ನುಡಿದವು. ಕೆಳದನಿ, ಗುಡಿಯೊಳಗೆ ಯಾರೋ ಕೂತು ಹೂಂಕರಿಸಿದ ಹಾಗೆ. ಅಲಮಾರಿಯ ಮೇಲಿನ ಚಕ್ಕುಲಿ ಡಬ್ಬದ ಮುಚ್ಚಳ ಅದರ ಜತೆ ಝಿಂ ಅಂದಿತು. ಮತ್ತೆ ಬಾರಿಸಿದರು, ಮತ್ತೆ, ಮತ್ತೆ ಅದೇ. ಅವರ ಹಣೆಯಲ್ಲಿ ಬೆವರು. ನನಗೆ ಸಂತೋಷಕ್ಕಿಂತ ಮೊದಲು ಅವರ ಬಿ.ಪಿ. ನೆನಪಾಯಿತು. "ಸಾಕು ಬಿಡ್ರೀ, ಒಂದೇ ಸಲಕ್ಕೆ ಅಷ್ಟೊಂದು ಬ್ಯಾಡ" ಅಂದೆ. ಕೇಳಿಸಿಕೊಳ್ಳಲಿಲ್ಲ. ಅತ್ತೆಯೇ ಬೇಸರವಾಗಿ, "ಅದೊಂದೇನಾ ಬರಾದು? ಮುಂದುಕ್ಕೆ ಹೋಗಾಕೆ ಬರಲ್ವಾ ಅದಕ್ಕೆ?" ಅಂದ ಮೇಲೆ ನಿಲ್ಲಿಸಿದರು.

ನಿಲ್ಲಿಸಿ, ಬೆರಳು ಎತ್ತಿದವರು, "ಸ್ಸ್" ಅಂ‍ದರು. ಎರಡು ಬೆರಳ ತುದಿಯಲ್ಲೂ ತಂತಿ ಕೂತ ಗುರುತು, ಕೆಂಪಗೆ. ಬಾಯಿಗಿಟ್ಟುಕೊಂಡು ಊದಿದರು. "ಅಯ್ಯಯ್ಯ, ಉರೀತೈತಲ್ಲೇ ಇದು."

"ಯಾವ ಬೆರಳು?"

"ಎರಡೂ."

"ನಿಜ ಹೇಳ್ರಿ."

"ಉರಿಗೂ ಸುಳ್ಳು ಹೇಳ್ತಾರೇನೇ?"

ನಾನು ಆ ತೋರುಬೆರಳನ್ನು ಹಿಡಿದು ಉಗುರಿನಿಂದ ಚಿವುಟಿದೆ. "ಏ ಬಿಡೇ, ಸಾಯ್ಸಿಬಿಡ್ತಾಳೆ!" ಅಂತ ಕೂಗಿ ಕೈ ಕಿತ್ತುಕೊಂಡರು. ಆಮೇಲೆ ತಮ್ಮ ಕೂಗನ್ನು ತಾವೇ ಕೇಳಿಸಿಕೊಂಡವರ ಹಾಗೆ ಕೈಯನ್ನು ಮುಖದ ಹತ್ತಿರ ತಂದು ನೋಡುತ್ತಾ ಕೂತರು. ಅತ್ತೆ, "ಗಂಡನ್ನ ಚಿವುಟ್ತಾರೇನೇ ಹಾಡುಹಗಲೇ" ಅಂತ ಬಯ್ದು, ಕೊಬ್ಬರಿ ಎಣ್ಣೆ ತರಲು ಎದ್ದರು. ನಾನು ಹೀರೇಕಾಯಿ ನೋಡಲು ಒಳಗೆ ಹೋದೆ. ಹೆರೆದಿಟ್ಟದ್ದನ್ನೇ ಇನ್ನೊಮ್ಮೆ ತೊಳೆದೆ.

ಎಲ್ಲ ಸರಿಹೋಯಿತು ಅಂತ ನಾನು ಬರೆಯುತ್ತಿಲ್ಲ. ಇನ್ನೆರಡು ಬೆರಳು ಇನ್ನೂ ಹಾಗೇ ಇವೆ. ನಾಳೆ ಈ ಎರಡಕ್ಕೂ ಹತ್ತಿ ಅಡರಿದರೆ ಅನ್ನುವ ಯೋಚನೆ ಪಲ್ಯ ತಿರುವುವಾಗಲೇ ಬಂದಾಯಿತು.

ರಾತ್ರಿ ಜೋಳದ ರೊಟ್ಟಿ, ಉಪ್ಪು ಕಡಿಮೆ ಹಾಕಿದ ಹೀರೇಕಾಯಿ ಪಲ್ಯ, ಅತ್ತೆಗೆ ಮಜ್ಜಿಗೆ ಅನ್ನ ಬೇರೆ. ನಮ್ಮನೆಯವರು ಒಂದು ರೊಟ್ಟಿ ಜಾಸ್ತಿ ಉಂಡರು, ಕೆಂಪು ಚಟ್ನಿ ಬೇಕು ಅಂದರು, ಕೊಡಲಿಲ್ಲ. ಹಾಸಿಗೆ ಹಾಸುವ ಹೊತ್ತಿಗೂ ಬೆರಳು ಉರಿ ಅಂತ ಊದಿಕೊಳ್ಳುತ್ತಾ, ನಿದ್ದೆ ಬರಲ್ಲ ಅಂತ ಗೊಣಗುತ್ತಾ ಗೋಡೆಗೊರಗಿ ಕೂತಿದ್ದರು. ಅತ್ತೆ ಅವರಿಗೆ ಎಣ್ಣೆ ಹಚ್ಚುತ್ತಾ ಜಗಳೂರಿನ ಯಾವುದೋ ಹಳೇ ಸುದ್ದಿ ಹೇಳುತ್ತಿದ್ದರು. ಅದರ ಕೊನೆ ನನಗೆ ಗೊತ್ತಿಲ್ಲ. ಮೊದಲು ಮಲಗಿದವಳು ನಾನು.